ಕಾಲಿಗೆ ತಾಗಿದ ಸದ್ದು

ಅಂಪೈರುಗಳ ವಸತಿ, ಮೂರನೇ ಮಹಡಿ
ಶುಕ್ರವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೊಂಡಿಗೆ,

ನಿನ್ನ ಪೀಪಿ ಅಕ್ಕ ಮಾಡುವ ಆಶೀರ್ವಾದಗಳು. ಮೊದಲು ಮೊಣಕಾಲಿನ ವಿಷಯ ಹೇಳು. ಊತ ಇಳಿಯಿತೇ? ಈ ಬೆಳಿಗ್ಗೆ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ತಿರುಗುವಾಗ ನೀನು ಎಡಗಾಲನ್ನು ಒಂದು ಗಳಿಗೆ ತಡವಾಗಿ ಊರಿದೆ. ಬೇರೆಯವರಿಗೆ ಗೊತ್ತಾಗಿರಲಿಕ್ಕಿಲ್ಲ, ನನಗೆ ಗೊತ್ತಾಯಿತು. ಐಸ್ ಇಟ್ಟೆಯಾ? ಫಿಸಿಯೋ ಹೇಳಿದ ಇಪ್ಪತ್ತು ನಿಮಿಷ ಇಟ್ಟೆಯೋ, ಇಲ್ಲ ನಿನ್ನ ಲೆಕ್ಕದ ಇಪ್ಪತ್ತು ನಿಮಿಷವೋ, ಅಂದರೆ ಆರು ನಿಮಿಷ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಾನು ಆರೋಗ್ಯವಾಗಿದ್ದೇನೆ. ಗಂಟಲು ಮಾತ್ರ ಕಟ್ಟಿದೆ. ಕೂಗಿ ಕಟ್ಟಿದ್ದಲ್ಲ, ಎರಡು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡದೆ ಕಟ್ಟಿದ್ದು.

ಎದುರು ಕಟ್ಟಡದಲ್ಲೇ ಇರುವ ತಂಗಿಗೆ ಅಂಚೆಯಲ್ಲಿ ಕಾಗದ ಹಾಕುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆಯಾ ಎಂದು ನೀನು ಕೇಳುತ್ತೀಯ. ಕೇಳು. ಈ ಹಾಕಿ ಟೂರ್ನಿ ಮುಗಿಯುವ ತನಕ ಅಂಪೈರುಗಳು ಆಟಗಾರ್ತಿಯರ ಹತ್ತಿರ ಮಾತಾಡಬಾರದು, ಫೋನು ಮಾಡಬಾರದು, ಮೆಸೇಜು ಕಳಿಸಬಾರದು ಎಂಬುದು ನಿನಗೆ ಗೊತ್ತು. ತಂಗಿ ಆಡುತ್ತಿದ್ದಾಳೆಂದು ನನ್ನ ಕೈಯಲ್ಲಿ ಇನ್ನೊಂದು ಹಾಳೆಗೂ ಸಹಿ ಹಾಕಿಸಿಕೊಂಡಿದ್ದಾರೆ. ಭಾನುವಾರ ಫೈನಲ್. ಈ ಕಾಗದ ಅಮ್ಮನ ಮನೆ ಸೇರುವಾಗ ಏನಿಲ್ಲವೆಂದರೂ ಎಂಟು ದಿನ ಆಗಿರುತ್ತದೆ, ನಾನು ನನ್ನ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿರುತ್ತೇನೆ. ಸಹಿ ಹಾಕಿದ ಹಾಳೆಗೆ ಮೋಸವಾಗುವುದಿಲ್ಲ. ಭಾನುವಾರದ ಮೇಲೆ ಫೋನು ಮಾಡಬಹುದಲ್ಲ ಎಂದರೆ, ಫೋನಿನಲ್ಲಿ ನೀನು ಎರಡನೇ ಮಾತಿಗೆ ಕಟ್ ಮಾಡುತ್ತೀಯ. ಕಾಗದವಾದರೆ ಸಿಟ್ಟಿನಲ್ಲಿ ಹರಿದು ಎಸೆದರೂ ಆಮೇಲೆ ಬುಟ್ಟಿಯಿಂದ ಹೆಕ್ಕಿ ಜೋಡಿಸಿ ಓದುವ ಜಾತಿ ನಿನ್ನದು. ಅಮ್ಮನ ಹೊಲಿಗೆ ಮೆಷಿನ್ನಿನ ಡ್ರಾದಲ್ಲಿ ಅಂಟು ಇದೆ, ಉಪಯೋಗಿಸಿಕೋ.

ನನ್ನ ರೂಮು ನೀನು ನೋಡಿಲ್ಲ. ಒಂದು ಮಂಚ, ಒಂದು ಮೇಜು, ಬಾಗಿಲ ಹಿಂದೆ ಮೂರು ಕೊಕ್ಕೆ. ಒಂದರಲ್ಲಿ ಅಂಪೈರ್ ಅಂಗಿ, ಒಂದರಲ್ಲಿ ಟವೆಲು, ಒಂದರಲ್ಲಿ ಅಪ್ಪನ ಸೀಟಿ. ಕಿಟಕಿ ಗೋಡೆಯಗಲ ಇದೆ, ಆದರೆ ತೆರೆಯುವುದಿಲ್ಲ, ದಪ್ಪ ಗಾಜನ್ನು ಹಾಗೇ ಕೂರಿಸಿಬಿಟ್ಟಿದ್ದಾರೆ. ಹೊರಗೆ ಬಸ್ಸು ಬಂದರೂ ಲಾರಿ ಬಂದರೂ ಸದ್ದು ಕೇಳಿಸುವುದಿಲ್ಲ. ನಿಮ್ಮ ಕಟ್ಟಡಕ್ಕೂ ನಮ್ಮದಕ್ಕೂ ನಡುವಿನ ಅಂಗಳಕ್ಕೆ ಹೊಸ ಕಲ್ಲು ಹಾಸುತ್ತಿದ್ದಾರಲ್ಲ, ಕೆಲಸದವರು ಸುತ್ತಿಗೆ ಎತ್ತುವುದು ಇಳಿಸುವುದು ಕಾಣುತ್ತದೆ, ಕುಟ್ಟುವುದು ಕೇಳುವುದಿಲ್ಲ. ಅಲ್ಲಿ ಹರಡಿದ ಮರಳೆಲ್ಲ ಎಲ್ಲರ ಶೂಗಳಲ್ಲಿ ಮೆಟ್ಟಿಲು ಹತ್ತಿ ಬರುತ್ತಿದೆ. ಗುಡಿಸುವಾಕೆ ದಿನಾ ನಮ್ಮೆಲ್ಲರ ಪಾದಗಳನ್ನೇ ನೋಡಿ ಬೈಯುತ್ತಾಳೆ. ಇಡೀ ದಿನದಲ್ಲಿ ನನ್ನನ್ನು ಬೇರೆಯವರ ಹಾಗೇ ಬೈಯುವವಳು ಅವಳೊಬ್ಬಳೇ, ಅದಕ್ಕೆ ಅವಳನ್ನು ಕಂಡರೆ ನನಗೆ ಸಮಾಧಾನ.

ಮೊದಲ ಹತ್ತು ದಿನ ಹೀಗಿರಲಿಲ್ಲ. ಎರಡನೇ ಮಹಡಿಯಲ್ಲಿ ನಿನ್ನ ಕಿಟಕಿ ಯಾವುದೆಂದು ಕಂಡುಹಿಡಿದಿದ್ದೆ. ಆ ಕಿತ್ತಳೆ ಬಣ್ಣದ ಟವೆಲನ್ನು ನೀನು ಇನ್ನೂ ಎಸೆದಿಲ್ಲ. ಒಂದು ಸಲ ಸ್ಟೇಡಿಯಮ್ಮಿನ ಲಿಫ್ಟಿನ ಬಾಗಿಲು ತೆರೆದರೆ ಒಳಗೆ ನೀನು, ಜೊತೆಗೆ ನಿನ್ನ ಗೋಲ್‌ಕೀಪರು. ನಾನು ಬೆಂಕಿ ಮುಟ್ಟಿದವಳ ಹಾಗೆ ಹಿಂದೆ ಸರಿದು ಮೆಟ್ಟಿಲ ಕಡೆ ಓಡಿದೆ. ಬಾಗಿಲು ಮುಚ್ಚುವ ಮೊದಲು ನೀನು ನಕ್ಕಿದ್ದು ಕೇಳಿಸಿತು. ನಾಲ್ಕು ಮಹಡಿ ಹತ್ತುವಾಗಲೂ ನನಗೆ ನಗು ತಡೆಯಲಾಗಲಿಲ್ಲ. ಮಾತಿಲ್ಲದಿದ್ದರೂ ನೀನು ಹತ್ತಿರದಲ್ಲೇ ಇದ್ದೀಯ ಎನ್ನುವುದೇ ಸಾಕಾಗಿತ್ತು.

ಬುಧವಾರದ ವಿಷಯಕ್ಕೆ ಬರುತ್ತೇನೆ. ಆ ಪಂದ್ಯಕ್ಕೆ ನಾನು ಅಂಪೈರಲ್ಲ, ಮೀಸಲು. ಮೇಜಿನ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಅದೂ ಬೇಡವೆಂದು ನಮ್ಮ ಮೇಲ್ವಿಚಾರಕಿಗೆ ಹಿಂದಿನ ದಿನವೇ ಹೇಳಿದ್ದೆ. ನಾವೆಲ್ಲ ಬೆನ್ನ ಹಿಂದೆ ಆಕೆಯನ್ನು ಹೆಡ್‌ಮಿಸ್ ಎನ್ನುತ್ತೇವೆ. ಹಳದಿ ತಂಡ ನೀಲಿಯವರಿಗೆ ಸೋತರೆ ನನ್ನ ತಂಗಿಯ ತಂಡ ಸೆಮಿಫೈನಲ್‌ಗೆ ಹೋಗುತ್ತದೆ, ಡ್ರಾ ಆದರೂ ಸಾಕು ಹಳದಿಯವರೇ ಹೋಗುತ್ತಾರೆ, ಇಂಥ ಪಂದ್ಯದ ಗಾಳಿಯೂ ನನಗೆ ಬೇಡ ಎಂದು ಬೇಡಿಕೊಂಡೆ. ಆಕೆ, "ಮೀಸಲು ಕುರ್ಚಿ ಇರೋದು ಕೂರೋಕೆ ಕಣಮ್ಮಾ, ಹದಿನೆಂಟು ವರ್ಷದಲ್ಲಿ ಅದರಿಂದ ಎದ್ದೋರನ್ನ ನಾನು ನೋಡಿಲ್ಲ" ಅಂದರು. ಮೂರನೇ ಕ್ವಾರ್ಟರ್ ಮುಗಿಯುವಾಗ ಈ ಬದಿಯ ಅಂಪೈರಿಗೆ ಮೀನಖಂಡ ಹಿಡಿದುಕೊಂಡಿತು. ಆಕೆ ಕುಂಟುತ್ತ ಬಂದು ನನ್ನ ಮುಂದೆ ನಿಂತಾಗ ನಾನು ಹೆಡ್‌ಮಿಸ್ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು. ನಾನು ಎದ್ದೆ.

ನೀವು ಹದಿನೆಂಟೂ ಜನ ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದಿರಿ. ನಿನ್ನ ಮಂಡಿಯ ಮೇಲೆ ಐಸ್ ಚೀಲ ಇತ್ತು. ಇದು ನಿನ್ನ ಕೊನೆಯ ಟೂರ್ನಿ ಎಂದು ಅಮ್ಮ ನನಗೆ ಹೇಳಿದ್ದಳು, ನೀನು ಹೇಳಿರಲಿಲ್ಲ. ಮೈದಾನದೊಳಗೆ ಕಾಲಿಡುವಾಗ ನಾನು ದೇವರನ್ನು ಕೇಳಿಕೊಂಡದ್ದು ಒಂದೇ, ನನ್ನ ಬದಿಯಲ್ಲಿ ಏನೂ ನಡೆಯದಿರಲಿ ಅಂತ. ಒಳಗೊಳಗೆ ನೀಲಿಯವರು ಗೆಲ್ಲಲಿ ಎಂದೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಕಿವಿಯೊಳಗಿನ ರೇಡಿಯೋ ಕರಕರ ಎನ್ನುತ್ತಿತ್ತು, ಆ ಕಡೆಯ ಅಂಪೈರ್ ಏನು ಹೇಳುತ್ತಾಳೋ ಅರ್ಥವಾಗದೆ ಅದನ್ನು ಕಿತ್ತು ಕಾಲರಿಗೆ ಸಿಕ್ಕಿಸಿಕೊಂಡೆ. ಅದು ಕಿವಿಯಲ್ಲೇ ಇದ್ದಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಒಂದಕ್ಕೆ ಒಂದು. ನಲವತ್ತು ಸೆಕೆಂಡು ಉಳಿದಿತ್ತು. ನೀಲಿಯವರಲ್ಲಿ ಬಲಗಡೆ ಆಡುವವಳು ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದಳು. ಅಲ್ಲಿ ಏಳೆಂಟು ಕಾಲು, ನಾಲ್ಕೈದು ಸ್ಟಿಕ್ಕು. ಆ ಉದ್ದ ಜಡೆಯ ನೀಲಿ ಹುಡುಗಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಚೆಂಡನ್ನು ತಡೆದಳು, ತಿರುಗಿದಳು, ಹೊಡೆದಳು, ಗೋಲಿನ ಹಲಗೆ ಧಡ್ ಎಂದಿತು. ನೀವೆಲ್ಲ ಎದ್ದು ನಿಂತಿದ್ದಿರಿ. ನಾನು ಸೀಟಿ ಊದಿ, ಒಂದು ಕಾಲೆತ್ತಿ ಪಾದ ಮುಟ್ಟಿ ತೋರಿಸಿದೆ. ಹೊಡೆಯುವವಳ ಕಾಲಿಗೆ ತಾಗಿ ಹೋದ ಚೆಂಡು ಗೋಲಲ್ಲ, ಅದನ್ನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ನೀಲಿಯವರು ತೀರ್ಪನ್ನು ಪ್ರಶ್ನಿಸುವ ತಮ್ಮ ವಿಡಿಯೋ ಅವಕಾಶವನ್ನು ಆಗಲೇ ಕಳೆದುಕೊಂಡಿದ್ದರು. ನಾನಾಗಿ ವಿಡಿಯೋ ಕೇಳಬಹುದಿತ್ತು, ಕೇಳಲಿಲ್ಲ. ಆ ಬದಿಯಿಂದ ಜೊತೆಯವಳು ಓಡಿ ಬಂದು, "ಖಂಡಿತಾನಾ?" ಅಂದಳು. "ಖಂಡಿತ" ಅಂದೆ.

ಪಂದ್ಯ ಡ್ರಾ ಆಗಿ ಮುಗಿದ ಮೇಲೆ ಸ್ಟ್ಯಾಂಡಿನತ್ತ ನೋಡಿದೆ. ನೀನು ಟವೆಲನ್ನು ತಲೆಯ ಮೇಲೆ ಹೊದ್ದು ಕೂತಿದ್ದೆ. ಉಳಿದವರು ನನ್ನ ಕಡೆ ಕೈ ತೋರಿಸಿ ಏನೇನೋ ಅನ್ನುತ್ತಿದ್ದರು. ಆ ಜಡೆಯ ನೀಲಿ ಹುಡುಗಿ ಮೈದಾನದ ಮಧ್ಯೆ ಕೂತು ಅತ್ತಳು. ಇವೆಲ್ಲ ತಡೆದುಕೊಂಡೆ. ಹಳದಿಯವರ ಕ್ಯಾಪ್ಟನ್ ಬಂದು ನನ್ನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದಳು ನೋಡು, ಅದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ನಾನು ಅವಳಿಗೆ ಏನೋ ಉಪಕಾರ ಮಾಡಿದ ಹಾಗಿತ್ತು ಅವಳ ಮುಖ.

ಆ ಸಂಜೆ ಹೆಡ್‌ಮಿಸ್ ರೂಮಿನಲ್ಲಿ ವಿಡಿಯೋ ಹಾಕಿ ನೋಡಿದೆವು. ಮುಂದಿನಿಂದ, ಹಿಂದಿನಿಂದ, ನಿಧಾನವಾಗಿ, ಇನ್ನೂ ನಿಧಾನವಾಗಿ. ಎಲ್ಲದರಲ್ಲೂ ಒಬ್ಬ ಹಳದಿ ಹುಡುಗಿ ಅಡ್ಡ ನಿಂತಿದ್ದಾಳೆ. ಪಾದವೂ ಕಾಣುವುದಿಲ್ಲ, ಸ್ಟಿಕ್ಕಿನ ತುದಿಯೂ ಕಾಣುವುದಿಲ್ಲ. ತಾಗಿತು ಎನ್ನುವವರೂ ಇಲ್ಲ, ತಾಗಲಿಲ್ಲ ಎಂದು ತೋರಿಸುವವರೂ ಇಲ್ಲ. ವರದಿಯಲ್ಲಿ ನಾನು ಚೆಂಡು ಕಾಲಿಗೆ ತಾಗಿದ್ದನ್ನು ಕಂಡೆ ಎಂದು ಬರೆದೆ. ಮೊಂಡೀ, ನಾನು ಕಂಡಿರಲಿಲ್ಲ. ಅವಳು ನನಗೆ ಬೆನ್ನು ಮಾಡಿದ್ದಳು ಎಂದೆನಲ್ಲ. ನಾನು ಕೇಳಿದೆ. ಸ್ಟಿಕ್ಕಿಗೆ ತಾಗಿದರೆ ಟಕ್ ಎನ್ನುತ್ತದೆ, ಶೂಗೆ ತಾಗಿದರೆ ಟಪ್. ಅಷ್ಟೇ. ಅಷ್ಟನ್ನು ನಂಬಿ ಸೀಟಿ ಊದಿದೆ.

ಆ ಸದ್ದನ್ನು ನಾನು ಎಲ್ಲಿ ಕಲಿತೆ ಎಂದು ಲೋಕದಲ್ಲಿ ಗೊತ್ತಿರುವುದು ನಿನಗೊಬ್ಬಳಿಗೇ. ನಾವು ಬೆಳೆದ ಕ್ವಾರ್ಟರ್ಸಿನ ಕಾರಿಡಾರು ನೆನಪಿದೆಯಲ್ಲ. ಒಂದು ಕಡೆ ಚಪ್ಪಲಿ ಸ್ಟ್ಯಾಂಡು, ಒಂದು ಕಡೆ ತಲೆಕೆಳಗು ಮಾಡಿಟ್ಟ ಬಕೆಟ್ಟು, ಅವೆರಡರ ನಡುವೆ ಗೋಲು. ಬಾಗಿಲು ಅರ್ಧ ತೆಗೆದು ಶ್ ಎಂದು ಮತ್ತೆ ಮುಚ್ಚುತ್ತಿದ್ದ ಎದುರು ಮನೆಯ ಶ್ ಅಜ್ಜಿ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸ್ಟಿಕ್ಕು. ನೀನು ನೆಲದ ಮೇಲೆ ಬಿದ್ದು ಹೊರಳಾಡಿದೆ, ಸ್ಟಿಕ್ಕು ನಿನಗಾಯಿತು. ನನ್ನ ಮುಖ ಚಿಕ್ಕದಾದದ್ದು ನೋಡಿ ಅಪ್ಪ ಜೇಬಿನಿಂದ ತನ್ನ ಕಂಡಕ್ಟರ್ ಸೀಟಿ ತೆಗೆದು ಕೊರಳಿಗೆ ಹಾಕಿದ. "ನೀನು ಊದಿದ್ರೆ ಬಸ್ಸೇ ನಿಲ್ಲುತ್ತೆ, ಇವಳು ಯಾವ ಲೆಕ್ಕ" ಅಂದ. ಅಂದಿನಿಂದ ನೀನು ಆಡುವವಳು, ನಾನು ಊದುವವಳು. ನಾನು ಊದಿದಾಗಲೆಲ್ಲ ಅಪ್ಪ ಒಳಗಿನಿಂದ ರೈಟ್ ರೈಟ್ ಅನ್ನುತ್ತಿದ್ದ.

ಕಾರಿಡಾರಿನಲ್ಲಿ ಬೆಳಕು ಕಡಿಮೆ, ಸಂಜೆಯಾದರೆ ಚೆಂಡು ಕಾಣುತ್ತಿರಲಿಲ್ಲ. ನೀನೋ ಕಾಲಿನಲ್ಲಿ ತಡೆದು ಸ್ಟಿಕ್ಕಿನಲ್ಲಿ ತಡೆದೆ ಎನ್ನುವವಳು. ಅದಕ್ಕೇ ನನ್ನ ಕಿವಿ ತಯಾರಾದದ್ದು. ನಾನು ಊದಿದ ಕೂಡಲೇ ನೀನು ಸೊಂಟಕ್ಕೆ ಕೈ ಇಟ್ಟು, "ತಾಗಿಲ್ಲ" ಅನ್ನುತ್ತಿದ್ದೆ. ನಾನು ತಾಗಿದೆ ಅನ್ನುತ್ತಿದ್ದೆ. ನೀನು ಗಂಟೆಗಟ್ಟಲೆ ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅಮ್ಮ ಊಟಕ್ಕೆ ಕರೆಯುವ ಹೊತ್ತಿಗೆ ಎದ್ದು ನಿಂತು, ನನ್ನ ಮುಖ ನೋಡದೆ, ಆ ಕಾಲನ್ನು ಸ್ವಲ್ಪ ಎತ್ತಿ ಶೂವಿನ ತುದಿಗೆ ಸ್ಟಿಕ್ಕಿನಿಂದ ಎರಡು ಸಲ ತಟ್ಟುತ್ತಿದ್ದೆ. ಅದು ನಿನ್ನ ತಪ್ಪೊಪ್ಪಿಗೆ. ತಾಗಿತ್ತು ಎಂದು ಬಾಯಿಬಿಟ್ಟು ನೀನು ಹುಟ್ಟಿದ ಮೇಲೆ ಒಂದು ದಿನ ಹೇಳಿದ್ದಿಲ್ಲ. ನನಗೆ ಅಷ್ಟು ಸಾಕಾಗುತ್ತಿತ್ತು.

ಒಂದು ದಿನ ಮಾತ್ರ ತಟ್ಟಲಿಲ್ಲ. ನಿನಗೆ ಹದಿನಾಲ್ಕು, ನನಗೆ ಹದಿನಾರು. "ನಿಂಗೆ ಹೊಟ್ಟೆಕಿಚ್ಚು, ನಾನು ಆಡ್ತೀನಿ, ನಿಂಗೆ ಊದೋದಷ್ಟೇ ಬರುತ್ತೆ ಅಂತ ಹೊಟ್ಟೆಕಿಚ್ಚು" ಅಂದು ಬಾಗಿಲು ಬಡಿದು ಒಳಗೆ ಹೋದೆ. ಮರುದಿನ ನೀನು ಮರೆತೆ. ನಾನು ಮರೆಯಲಿಲ್ಲ. ಬುಧವಾರ ನೀನು ಟವೆಲು ಹೊದ್ದು ಕೂತಾಗ ಅದರೊಳಗೆ ಇದೇ ಮಾತು ಹೇಳಿಕೊಳ್ಳುತ್ತಿದ್ದೀಯ ಅನ್ನಿಸಿತು.

ಹೊಟ್ಟೆಕಿಚ್ಚು ಇತ್ತಾ ಎಂದು ನೀನು ಕೇಳುವ ಮೊದಲು ನಾನೇ ಹೇಳುತ್ತೇನೆ, ಇತ್ತು. ನಿನಗೆ ಸೀತಾಳೆ ಸಿಡುಬು ಎದ್ದು ಹದಿನೈದು ದಿನ ಮಲಗಿದ್ದೆಯಲ್ಲ, ಆಗ ಸ್ಟಿಕ್ಕು ನನ್ನ ಕೈಯಲ್ಲಿತ್ತು. ಶಾಲೆಯ ಮೈದಾನದಲ್ಲಿ ದಿನಾ ಆಡಿದೆ. ಟೀಚರು, "ಅರೆ, ನೀನೂ ಚೆನ್ನಾಗೇ ಆಡ್ತೀಯಲ್ಲೇ" ಅಂದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹದಿನಾರನೇ ದಿನ ನೀನು ಎದ್ದು ಬಂದು ಸುಮ್ಮನೆ ಕೈ ಚಾಚಿದೆ. ನಾನು ಕೊಟ್ಟೆ. ನೀನು ಕಸಿದುಕೊಳ್ಳಲಿಲ್ಲ, ಯಾರೂ ಕೊಡು ಎನ್ನಲೂ ಇಲ್ಲ, ಆದರೂ ಆ ಕೈ ನನಗೆ ಇವತ್ತಿಗೂ ಕಾಣುತ್ತದೆ. ಬುಧವಾರದಿಂದ ನನ್ನನ್ನು ಕೊರೆಯುತ್ತಿರುವುದು ಇದೇ. ಟಪ್ ಎಂದು ಕೇಳಿದ್ದು ನನ್ನ ಕಿವಿಯಾ, ಇಲ್ಲ ಆ ಹದಿನಾರನೇ ದಿನವಾ?

ತಡೆಯಲಾರದೆ ನಿನ್ನೆ ಬೆಳಿಗ್ಗೆ ಆರೂವರೆಗೇ ಮೈದಾನಕ್ಕೆ ಹೋದೆ. ಅಲ್ಲಿ ಕೃತಕ ಹುಲ್ಲಿಗೆ ನೀರು ಹಾಯಿಸುವಾತ ಒಬ್ಬನೇ ಇದ್ದ. ನನ್ನನ್ನು ಗುರುತಿಸಿದ. ಆತನ ಕೈಗೆ ಒಂದು ಸ್ಟಿಕ್ಕು, ಒಂದು ಚೆಂಡು ಕೊಟ್ಟು, ನನ್ನ ಬೆನ್ನ ಹಿಂದೆ ನಿಂತು ಒಮ್ಮೆ ಸ್ಟಿಕ್ಕಿಗೆ, ಒಮ್ಮೆ ಬೂಟಿಗೆ, ಇಷ್ಟ ಬಂದ ಹಾಗೆ ತಾಗಿಸು ಎಂದೆ. ಕಣ್ಣು ಮುಚ್ಚಿ ನಿಂತು ಒಂದೊಂದಕ್ಕೂ ಹೇಳಿದೆ. ಇಪ್ಪತ್ತು ಸಲ ಮಾಡಿದ ಪುಣ್ಯಾತ್ಮ. ಹತ್ತೊಂಬತ್ತು ಸರಿ. ಒಂದು ತಪ್ಪು. "ಇಪ್ಪತ್ತಕ್ಕೆ ಹತ್ತೊಂಬತ್ತು ಅಂದ್ರೆ ನಮ್ಮ ಕಾಲದಲ್ಲಿ ಸಿಹಿ ಹಂಚ್ತಿದ್ರು ಮೇಡಂ" ಅಂದ. ಆತನದು ರಬ್ಬರ್ ಬೂಟು, ನಿಮ್ಮ ಶೂ ಅಲ್ಲ, ಅದಕ್ಕೇ ಒಂದು ತಪ್ಪಿತು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಹೇಳಿಕೊಂಡರೂ ಆ ಒಂದು ನನ್ನ ಬೆನ್ನು ಬಿಡುತ್ತಿಲ್ಲ.

ಅಲ್ಲಿಂದ ಸೀದಾ ಹೆಡ್‌ಮಿಸ್ ಬಾಗಿಲು ತಟ್ಟಿ, ವರದಿಯಲ್ಲಿ ಕಂಡೆ ಎಂದು ಬರೆದಿದ್ದೇನೆ, ಕಂಡಿಲ್ಲ, ಕೇಳಿದ್ದು, ತಿದ್ದಿಕೊಡುತ್ತೇನೆ ಎಂದೆ. ಅವರು ಹಲ್ಲುಜ್ಜುವ ಬ್ರಷ್ ಕೈಯಲ್ಲಿ ಹಿಡಿದೇ ಬಾಗಿಲು ತೆರೆದಿದ್ದರು. "ಕಿವೀನೂ ಅಂಪೈರೇ. ನೀನು ಊದಿದ್ದು ತಪ್ಪು ಅಂತ ನಾನು ಹೇಳಲ್ಲ" ಅಂದರು. ತಿದ್ದಿಸಿಕೊಂಡರು. ಸಂಜೆ ಫೈನಲ್ಲಿನ ಪಟ್ಟಿ ಅಂಟಿಸಿದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಭಾನುವಾರ ನನಗೆ ಆಟಗಾರ್ತಿಯರ ಸ್ಟಿಕ್ಕು ಅಳೆಯುವ ಕೆಲಸ. ಹನ್ನೆರಡು ವರ್ಷದಿಂದ ಕಣ್ಣಿಟ್ಟಿದ್ದ ಫೈನಲ್, ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇದು ನಿನ್ನ ಸೆಮಿಫೈನಲ್ಲಿನ ಮುಂದೆ ಏನೂ ಅಲ್ಲ.

ಊಟದ ಹಾಲಿನಲ್ಲಿ ನಾನು ತಟ್ಟೆ ಇಟ್ಟರೆ ಮೇಜಿನ ಮಾತು ಹವಾಮಾನಕ್ಕೆ ತಿರುಗುತ್ತದೆ. ಪೇಪರಿನವರಲ್ಲಿ ಒಬ್ಬ ತಂಗಿಯ ಹೊಟ್ಟೆಗೆ ಹೊಡೆದ ಅಕ್ಕ ಎಂದು ಬರೆದ, ಇನ್ನೊಬ್ಬ ಪ್ರಾಮಾಣಿಕತೆಗೆ ತಂಗಿಯನ್ನೇ ಬಲಿಕೊಟ್ಟ ಅಕ್ಕ ಎಂದು ಹೊಗಳಿದ. ನನಗೆ ಎರಡನೆಯವನ ಮೇಲೇ ಹೆಚ್ಚು ಸಿಟ್ಟು. ನಿನ್ನನ್ನು ಒಂದು ತಟ್ಟೆಯಲ್ಲಿ, ಪ್ರಾಮಾಣಿಕತೆಯನ್ನು ಒಂದು ತಟ್ಟೆಯಲ್ಲಿ ಇಟ್ಟು ತೂಗಿ ನಾನು ಸೀಟಿ ಊದಲಿಲ್ಲ. ತೂಗುವಷ್ಟು ಹೊತ್ತೂ ಇರಲಿಲ್ಲ. ಸದ್ದು ಕೇಳಿತು, ಊದಿದೆ. ಕಾರಿಡಾರಿನಲ್ಲಿ ಊದುತ್ತಿದ್ದ ಹಾಗೇ.

ಅಮ್ಮ ದಿನಾ ಸಂಜೆ ಫೋನು ಮಾಡುತ್ತಾಳೆ. ನಿನ್ನ ಸುದ್ದಿ ನನಗೆ, ನನ್ನ ಸುದ್ದಿ ನಿನಗೆ ದಾಟಿಸಬಾರದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಮೊದಲೆಲ್ಲ, "ಅವಳು ಊಟ ಮಾಡಿದ್ಲು, ಇಷ್ಟೇ ಹೇಳ್ತೀನಿ, ಇದ್ರಲ್ಲೇನೂ ಹಾಕಿ ಇಲ್ಲ" ಅನ್ನುತ್ತಿದ್ದಳು. ಬುಧವಾರದಿಂದ ಅದನ್ನೂ ಹೇಳುತ್ತಿಲ್ಲ. ಮೊನ್ನೆ ಫೋನು ಮಾಡಿದಾಗ ಹಿಂದೆ ಹೊಲಿಗೆ ಮೆಷಿನ್ನು ಓಡುತ್ತಿರಲಿಲ್ಲ. ಆಮೇಲೆ, "ಒಂದೇ ಸ್ಟಿಕ್ಕು ತಂದಿದ್ದು ನನ್ನದೇ ತಪ್ಪು" ಅಂದಳು. ಅವಳದೇನು ತಪ್ಪು ಹೇಳು. ಕಾಗದ ಓದಿ ಮುಗಿಸಿದ ಮೇಲೆ ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಸರಿ, ಅವಳ ಹತ್ತಿರ ಹೋಗಿ ಇದೊಂದು ಮಾತನ್ನು ಅಳಿಸಿಹಾಕು.

ಇವತ್ತು ಬೆಳಿಗ್ಗೆಯ ನಿನ್ನ ಪಂದ್ಯ ನೋಡಿದೆ. ಐದನೆಯ ಸ್ಥಾನಕ್ಕೆ ನಡೆಯುವ ಪಂದ್ಯ, ಎಂಟು ಗಂಟೆಗೆ, ಸ್ಟ್ಯಾಂಡು ತೊಳೆಯುತ್ತಿದ್ದ ಹೆಂಗಸರನ್ನು ಬಿಟ್ಟರೆ ಜನ ಇರಲಿಲ್ಲ. ನಾನು ಮೇಲಿನ ಕೊನೆಯ ಸಾಲಿನಲ್ಲಿ, ಕ್ಯಾಮೆರಾ ಇಡುವ ಅಟ್ಟಣೆಯ ಹಿಂದೆ ಕೂತಿದ್ದೆ. ನೀನು ಒಮ್ಮೆಯೂ ಮೇಲೆ ನೋಡಲಿಲ್ಲ. ಮುಗಿಯಲು ಐದು ನಿಮಿಷ ಇರುವಾಗ ನಿಮ್ಮ ಕೋಚು ನಿನ್ನನ್ನು ಹೊರಗೆ ಕರೆದಳು. ಹದಿಮೂರು ವರ್ಷ ಆಡಿದವಳು ಮೈದಾನದಿಂದ ನಡೆದು ಬರುವಾಗ ಜನ ಎದ್ದು ಚಪ್ಪಾಳೆ ತಟ್ಟಲಿ ಎಂದು ಹಾಗೆ ಕರೆಯುತ್ತಾರೆ. ತಟ್ಟುವವರು ಯಾರಿದ್ದರು ಅಲ್ಲಿ? ನಿಮ್ಮ ಬೆಂಚಿನವರು ತಟ್ಟಿದರು, ತೊಳೆಯುತ್ತಿದ್ದ ಒಬ್ಬಾಕೆ ಪೊರಕೆ ಕಂಕುಳಲ್ಲಿ ಇಟ್ಟುಕೊಂಡು ತಟ್ಟಿದಳು. ಅಂಪೈರುಗಳು ಯಾವ ತಂಡಕ್ಕೂ ಚಪ್ಪಾಳೆ ತಟ್ಟಬಾರದು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತಿದ್ದೆ. ನೀನು ಗೆರೆ ದಾಟುವ ಮೊದಲು ಬಗ್ಗಿ ಒದ್ದೆ ನೆಲವನ್ನು ಒಮ್ಮೆ ಅಂಗೈಯಿಂದ ಮುಟ್ಟಿದೆ. ನಾನು ಅಲ್ಲೇ ಅತ್ತೆ. ಇಷ್ಟು ಒಂಟಿ ಅನ್ನಿಸಿದ್ದು ಅಪ್ಪ ಹೋದ ದಿನವೂ ಇಲ್ಲ, ಯಾಕೆಂದರೆ ಆವತ್ತು ಪಕ್ಕದಲ್ಲಿ ನೀನಿದ್ದೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸು ಎಂದರೆ ನಾನು ಊದಿದ್ದು ತಪ್ಪು ಎಂದಾಗುತ್ತದೆ, ಅದನ್ನು ಹೇಳಲು ನನಗೆ ಆಗುವುದಿಲ್ಲ. ಅವಳ ಕಾಲಿಗೆ ತಾಗಿತ್ತು. ಇಡೀ ಜಗತ್ತು ನಂಬದಿದ್ದರೂ ನಡೆಯುತ್ತದೆ. ನೀನೊಬ್ಬಳು ನಂಬಿದರೆ ಇಪ್ಪತ್ತರಲ್ಲಿ ತಪ್ಪಿದ ಆ ಒಂದನ್ನು ನಾನು ಮರೆಯಬಲ್ಲೆ. ನೀನು ನಂಬದಿದ್ದರೆ ಈ ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ಹೆದರಿಸಲು ಬರೆದದ್ದಲ್ಲ, ಇರುವುದು ಹೀಗೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯಬೇಡ, ನೀನಿನ್ನು ನಿವೃತ್ತ ಮುದುಕಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವಳ ಕನ್ನಡಕ ಬದಲಾಯಿಸುವ ಕೆಲಸ ಈ ಸಲ ನಿನ್ನದು. ಎಲ್ಲಿದ್ದರೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಚೆನ್ನಾಗಿರು.

ನಿನ್ನ,
ಪೀಪಿ

ತಾ.ಕ.: ಶನಿವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅಂಚೆಯವನು ಒಂಬತ್ತಕ್ಕೆ ಬರುತ್ತಾನೆ. ಈಗಷ್ಟೇ ನಿಮ್ಮ ಬಸ್ಸು ಹೋಯಿತು. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಎಲ್ಲರೂ ಹತ್ತಿದ ಮೇಲೆ ಕೊನೆಗೆ ನೀನೊಬ್ಬಳೇ ಆ ಮರಳಿನ ಅಂಗಳದಲ್ಲಿ ಉಳಿದೆ. ಚೀಲ ಕೆಳಗಿಟ್ಟೆ. ಮೇಲೆ ನೋಡಲಿಲ್ಲ. ಬಲಗಾಲನ್ನು ಸ್ವಲ್ಪ ಎತ್ತಿ, ಸ್ಟಿಕ್ಕಿನಿಂದ ಶೂವಿನ ತುದಿಗೆ ಎರಡು ಸಲ ತಟ್ಟಿದೆ. ಚೀಲ ಎತ್ತಿಕೊಂಡು ಹತ್ತಿಬಿಟ್ಟೆ. ಇಲ್ಲಿ ಎಲ್ಲರೂ ಬಸ್ಸು ಹತ್ತುವ ಮೊದಲು ಶೂವಿನ ಮರಳು ಕೊಡವುತ್ತಾರೆ, ಅದು ನನಗೆ ಗೊತ್ತು. ಮರಳು ಕೊಡವುವವರು ಹೇಗೆ ತಟ್ಟುತ್ತಾರೆ, ನೀನು ಕಾರಿಡಾರಿನಲ್ಲಿ ಹೇಗೆ ತಟ್ಟುತ್ತಿದ್ದೆ, ಸದ್ದು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಈ ಹಾಳು ಗಾಜು ತೆರೆಯುವುದಿಲ್ಲ. ಈ ಒಂದಕ್ಕೆ ನಾನು ಅಂಪೈರ್ ಅಲ್ಲ, ನೀನೇ ಹೇಳಬೇಕು. ಈ ಸಲ ಬಾಯಿಬಿಟ್ಟು ಹೇಳು. ಅದು ಮರಳಾ, ಮೊಂಡೀ?